ಕೊಲೆಗಾರ ಯಾರು, ಹೇಳ್ಲೇನು?

ಈ ಭಾನುವಾರ ಭೂಮಿ ಬಾಯಿಬಿಟ್ಟರೂ ಕುರ್ಚಿ ಬಿಟ್ಟು ಏಳುವವನಲ್ಲ ಎಂದು ಘೋಷಿಸಿಯೇ ಬಿಟ್ಟೆ! ಕೈಯಲ್ಲಿ ಮುದ್ರಣದ ಮೇಲೆ ಮುದ್ರಣ ಕಂಡ ಕಾದಂಬರಿ. ಸುಲ್ತಾನರ ಕಾಲದ ಖಜಾನೆ, ಈಗಿನ ಕಾಲದ ಕೊಲೆ, ನಡುವೆ ಕೋರ್ಟು! ಇಂಥವನ್ನು ಓದಿ ಓದಿ ನನಗೆ ಅರ್ಧ ವಕೀಲಿಕೆ ಬಂದಿದೆ. ಸುಳ್ಳು ಸಾಕ್ಷಿಯನ್ನು ಮುಖ ನೋಡಿಯೇ ಹಿಡಿಯುತ್ತೇನೆ ಎಂದು ಮುದ್ದೇಬಿಹಾಳದ ತುಂಬ ಜಂಬ ಕೊಚ್ಚಿಕೊಂಡವನು ನಾನು.

ಹೆಂಡತಿ ರಾಜಶ್ರೀ ಜೋಳದ ಡಬ್ಬಿ ತಂದು ನನ್ನ ಕಾಲ ಬಳಿ ಕುಕ್ಕಿದಳು.

“ಗಿರಣಿಗೆ ಹೋಗಿ ಬೀಸಿಸ್ಕೊಂಡ ಬರ್ರಿ. ಅವ್ವ ತಾಳಿಕೋಟಿಯಿಂದ ಊಟಕ್ಕ ಬರಾಕತ್ತಾಳ.”

“ಇಲ್ಲೆ ವಿಚಾರಣಾ ನಡದೈತಿ. ಸಂಜಿಗೆ ನೋಡೋಣು.”

“ಹಂಗಾದ್ರ ಕೊಲೆಗಾರ ಯಾರು, ಹೇಳ್ಲೇನು?”

ಗಡಬಡಿಸಿ ಪುಸ್ತಕ ತಿರುವಿದೆ. ನೋಡಿದರೆ ಪುಸ್ತಕದ ಕೊನೆಯ ಪುಟದಲ್ಲಿ ಅವಳ ತಲೆಪಿನ್ನು! ಸಾಕ್ಷ್ಯ ಗಟ್ಟಿಯಾಗಿದೆ, ಇವಳು ಓದಿ ಮುಗಿಸಿದ್ದಾಳೆ.

“ಬ್ಯಾಡ, ಬ್ಯಾಡ! ಹೊಂಟೆ!”

ಗಿರಣಿಯಲ್ಲೂ ಪುಸ್ತಕ ಬಿಡಲಿಲ್ಲ. ಪಾಟೀಸವಾಲು ರಂಗೇರಿತ್ತು. ಕಣ್ಣೆತ್ತದೆಯೇ ಎದುರಿಗೆ ಸಿಕ್ಕ ಯಂತ್ರದ ಬಾಯಿಗೆ ಜೋಳ ಸುರಿದೆ.

“ಸಾಹೇಬ್ರ, ಅದು ಖಾರದ ಗಿರಣಿರೀ!” ಎಂದು ಗಿರಣಿಯ ನಬಿಲಾಲ ಓಡಿ ಬಂದ. ಅಷ್ಟರಲ್ಲಿ ತೀರ್ಪು ಕೆಂಪಗೆ ಹೊರಬಿದ್ದಿತ್ತು.

ಮನೆಯಲ್ಲಿ ಬೇರೆ ಹಿಟ್ಟಿಲ್ಲ. ಕೆಂಪು ರೊಟ್ಟಿಯ ಒಂದೇ ತುತ್ತಿಗೆ ಅತ್ತೆ ಕಸ್ತೂರೆವ್ವ ಚೊಂಬು ನೀರು ಖಾಲಿ ಮಾಡಿ, “ಪಲ್ಯಾ ಬ್ಯಾಡ ಬಿಡ್ರಿ ಅಳಿಯಂದ್ರ, ರೊಟ್ಟಿನ ಸಾಕು” ಎಂದರು. ನಾನು ಸೀನುತ್ತ ತಲೆ ತಗ್ಗಿಸಿದೆ.

“ಭಾಂಡೆ ತಿಕ್ತೀರೋ, ಹೆಸರ ಹೇಳ್ಲೋ?” ಊಟ ಮುಗಿದದ್ದೇ ರಾಜಶ್ರೀ ಕೇಳಿದಳು.

ಪಾತ್ರೆಗಳನ್ನೆಲ್ಲ ತಿಕ್ಕಿದೆ.

“ಅವ್ವನ್ನ ಬಸ್ ಹತ್ತಿಸಿ ಬರ್ತೀರೋ...”

“ಬರ್ತೇನಿ, ಬರ್ತೇನಿ!”

ಸಂಜೆ ಅಂತೂ ಕೊನೆಯ ಪುಟ ಮುಗಿಯಿತು. ಬಿಡುಗಡೆಯಾದ ಕೈದಿಯಂತೆ ಅಡುಗೆಮನೆಗೆ ನುಗ್ಗಿದೆ.

“ಕೊಲೆಗಾರ ಕೋರ್ಟಿನ ಶಿರಸ್ತೇದಾರ! ಇನ್ನ ಏನ್ ಹೇಳಿ ಹೆದರಸ್ತಿ, ಹೆದರಸು!”

ರಾಜಶ್ರೀಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

“ಅಯ್ಯ, ಶಿರಸ್ತೇದಾರನಾ? ನಿಮ್ಮದು ಮುಗದ ಮ್ಯಾಲ ಓದಬೇಕಂತ ಜೀವಾ ಹಿಡಕೊಂಡ ಕುಂತಿದ್ನಿ. ಹೇಳೇ ಬಿಟ್ರಲ್ಲ!”

“ನೀ ಓದಿಲ್ಲೇನ? ಮತ್ತ ಆ ಪಿನ್ನು?”

“ಕಳದೀತಂತ ಸಿಗಿಸಿಟ್ಟಿದ್ನಿ.”

ನನಗೆ ನಿಜಕ್ಕೂ ಪಾಪಪ್ರಜ್ಞೆ ಕಾಡಿತು. ದಿನವಿಡೀ ಯಾವ ಗುಟ್ಟಿಗಾಗಿ ನಾನು ಭಾಂಡೆ ತಿಕ್ಕಿದೆನೋ, ಅದನ್ನೇ ಅವಳಿಗೆ ಒಂದೇ ಮಾತಿನಲ್ಲಿ ಹಾಳು ಮಾಡಿದ್ದೆ.

“ತಪ್ಪಾತು. ಶಿಕ್ಷಾ ಏನು, ನೀನ ಹೇಳು.”

ಪುಸ್ತಕದೊಳಗಿನ ಪಿನ್ನು ಎಳೆದು ಮುಡಿಗೆ ಸಿಕ್ಕಿಸಿಕೊಂಡು ರಾಜಶ್ರೀ ನ್ಯಾಯಾಧೀಶರ ಗತ್ತಿನಲ್ಲಿ ಹೇಳಿದಳು:

“ಡಬ್ಬಿ ತುಂಬ ಕೆಂಪ ಹಿಟ್ಟ ಐತಲ್ಲ, ಅದು ತೀರೋತನಕ ನಿಮಗ ಅದ ರೊಟ್ಟಿ. ಅಪೀಲ್ ಇಲ್ರೀ!”