ಮಿತಾಹಾರದ ಗಣಿತವೂ ಮೂರು ಹೊಲದ ಊಟವೂ

ಪ್ರತಿ ವಿದ್ಯಾರ್ಥಿಯೂ ಬೇರೆ ವಿಭಾಗದ ಒಂದು ವಿಷಯವನ್ನು ಓದಲೇಬೇಕೆಂದು ವಿಶ್ವವಿದ್ಯಾಲಯ ಆಜ್ಞೆ ಹೊರಡಿಸಿದಾಗ, ಬಸವನ ಬಾಗೇವಾಡಿಯ ಕಾಲೇಜಿನ ಗಣಿತ ಮೇಷ್ಟ್ರಾದ ನನಗೆ ಆನಂದವೋ ಆನಂದ. ಒಂದೇ ವಾರದಲ್ಲಿ ಹೊಸ ಕೋರ್ಸು ಸಿದ್ಧ! ಹೆಸರು "ಮಿತಾಹಾರದ ಗಣಿತ". ಎಷ್ಟು ಉಣ್ಣಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲಕ್ಕೂ ಸೂತ್ರ.

ಪ್ರಿನ್ಸಿಪಾಲರು ಮಾತ್ರ ಗದ್ದ ಕೆರೆದುಕೊಂಡರು. "ಹುಡುಗ್ರು ಸಿಕ್ಕರ ಛಲೋ ಆತ್ರಿ. ಸಿಗಲಿಲ್ಲಂದ್ರ ನಿಮಗ ಪಾಠ ಕಡಿಮಿ ಬೀಳತಾವು, ದೂರದ ಊರಿಗೆ ಹಾಕತಾರ."

ನನ್ನ ಹೆಂಡತಿ ಸುಮಾ ಇಲ್ಲಿಯ ಹೈಸ್ಕೂಲಿನಲ್ಲಿ ಟೀಚರು. ದೂರದ ಊರು ಎಂದರೆ ನಾನೊಬ್ಬನೇ ಅನ್ನ ಸೀಯಿಸಿಕೊಂಡು ತಿನ್ನುವ ಊರು. ಹೇಗಾದರೂ ಹುಡುಗರನ್ನು ಒಲಿಸಿಕೊಳ್ಳಲೇಬೇಕಿತ್ತು.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಅಂದು ಬೆಳೆಗೆ ಚರಗ ಚೆಲ್ಲಿ, ಅಂದರೆ ಅಡುಗೆಯ ಎಡೆಯನ್ನು ಹೊಲದ ತುಂಬ ಎರಚಿ, ಎಲ್ಲರೂ ಹೊಲದಲ್ಲೇ ಉಣ್ಣುತ್ತಾರೆ. ಕರೆದವರ ಹೊಲದಲ್ಲಿ ಉಣ್ಣದೆ ಎದ್ದರೆ ಬೆಳೆಗೇ ಅವಮಾನ. ಮುಳವಾಡದ ಹುಡುಗರ ಮುಖಂಡ ಮಲ್ಲು ಕರೆದ. ನಿಡಗುಂದಿಯ ಹುಡುಗರ ಮುಖಂಡ ಇಮ್ತಿಯಾಜನೂ ಕರೆದ. ಇಬ್ಬರಿಗೂ ಹೂಂ ಎಂದೆ!

"ಹೊಟ್ಟಿ ಒಂದ, ಹೊಲ ಎರಡ. ಹ್ಯಾಂಗ ಮಾಡತೀರಿ?" ಎಂದಳು ಸುಮಾ.

"ಲೆಕ್ಕ ಹಾಕೇನಿ. ಅಲ್ಲಿ ಅರ್ಧ, ಇಲ್ಲಿ ಅರ್ಧ."

ಮುಳವಾಡದಲ್ಲಿ ಮಲ್ಲುವಿನ ತಾಯಿ ನನಗೂ ಸುಮಾಳಿಗೂ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಡಿಸಿದರು. ಸಾಕೆಂದು ಕೈ ಅಡ್ಡ ಹಿಡಿದೆ. "ಸರ್ ನಾಚಿಕೊಳ್ಳಾಕತ್ತಾರ, ಹಾಕವ್ವ" ಎಂದ ಮಲ್ಲು. ಎರಡು ಹೋಳಿಗೆ ಬಿದ್ದವು. ಹೇಗೋ ಮುಗಿಸಿ ಎದ್ದರೆ, ಬದುವಿನಾಚೆ ಅವನ ಕಾಕಾ ನಿಂತಿದ್ದಾರೆ!

"ಅಣ್ಣನ ಹೊಲದಾಗ ಉಂಡು ನಮ್ಮ ಹೊಲದಾಗ ಉಣ್ಣಲಿಲ್ಲಂದ್ರ ಹ್ಯಾಂಗ್ರಿ ಸರ?"

ಅಣ್ಣತಮ್ಮಂದಿರು ಪಾಲಾಗಿದ್ದಾರೆಂಬ ಅಂಶ ನನ್ನ ಸೂತ್ರದಲ್ಲಿ ಇರಲೇ ಇಲ್ಲ. ಅಲ್ಲೂ ಉಂಡೆ. ಅದರಾಚೆ ಸಣ್ಣ ಕಾಕಾ. ಅವರಿಗೂ ಅಣ್ಣಂದಿರಿಗೂ ಮಾತಿಲ್ಲವಂತೆ. ಅಂಥವರ ಹೊಲ ತಪ್ಪಿಸಿದರೆ ನಾನೂ ಆ ಜಗಳದಲ್ಲಿ ಒಬ್ಬ ಪಕ್ಷಗಾರ! ಅಲ್ಲೂ ಉಂಡೆ. ಆಮೇಲೆ ಬೇವಿನ ಮರದಡಿ ಐದೇ ನಿಮಿಷ ಎಂದು ಒರಗಿದೆ.

"ಏಳ್ರಿ! ಹೊತ್ತು ಮುಣಗಾಕತ್ತೈತಿ, ನಿಡಗುಂದಿಯವರು ಉಣ್ಣದ ಕುಂತಾರ!" ಸುಮಾ ಅಲುಗಾಡಿಸುತ್ತಿದ್ದಳು.

"ಮೊದಲ ಯಾಕ ಎಬ್ಬಿಸಲಿಲ್ಲ?"

"ಎಬ್ಬಿಸಿದಾಗೆಲ್ಲಾ 'ಸಾಕ್ರಿ, ಹೋಳಿಗಿ ಬ್ಯಾಡ' ಅಂತೀರಿ!"

ನಿಡಗುಂದಿ ಮುಟ್ಟಿದಾಗ ಕತ್ತಲಾಗುತ್ತಿತ್ತು. ಇಮ್ತಿಯಾಜನ ಅಜ್ಜ ಬುತ್ತಿ ಬಿಚ್ಚದೆ ಕಾದಿದ್ದರು. "ಬರ್ರಿ ಸರ, ಕೂಡಿ ಉಣ್ಣೂಣು" ಎಂದರು. ನನಗೆ ನೀರು ಕುಡಿಯಲೂ ಜಾಗವಿರಲಿಲ್ಲ. ಹೊಟ್ಟೆ ಸರಿಯಿಲ್ಲ, ಮುಂಜಾನೆಯಿಂದ ಉಪವಾಸ ಎಂದುಬಿಟ್ಟೆ. ಅಜ್ಜ ನನ್ನ ಮೀಸೆಯ ಮೇಲಿದ್ದ ಹೋಳಿಗೆಯ ಪುಡಿಯನ್ನು ನೋಡಿದರು. ಬುತ್ತಿಯ ಗಂಟನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ನಿಜಕ್ಕೂ ಭೂಮಿಯೊಳಗೆ ಇಳಿದು ಹೋಗಬೇಕೆನಿಸಿತು.

ಮರುದಿನ ವಿಷಯ ಆಯ್ದುಕೊಳ್ಳಲು ಕೊನೆಯ ದಿನ. ನಿಡಗುಂದಿಯ ಹುಡುಗರೆಲ್ಲ ದೈಹಿಕ ಶಿಕ್ಷಣದ "ಯೋಗ ಮತ್ತು ಆರೋಗ್ಯ"ಕ್ಕೆ ಸೇರಿದರು. ಮುಳವಾಡದವರಾದರೂ ಬಂದಾರೆಂದು ಕಾದೆ. ಅಷ್ಟರಲ್ಲಿ, ಬೇವಿನ ಮರದಡಿ ಬಾಯಿ ತೆರೆದು ಹೊಟ್ಟೆ ಮೇಲೆ ಮಾಡಿ ಮಲಗಿದ ನನ್ನ ಫೋಟೊ ಕಾಲೇಜಿನ ವಾಟ್ಸಾಪಿನಲ್ಲಿ ಬಂತು. ಕೆಳಗೆ "ಮಿತಾಹಾರದ ಗಣಿತ: ಪ್ರಾಕ್ಟಿಕಲ್" ಎಂದು ಬರೆದಿತ್ತು!

"ನಿಮ್ಮ ಮ್ಯಾಲೆ ಪ್ರೀತಿ ಐತ್ರಿ ಸರ, ಆದ್ರ ಈ ವಿಷಯದ ಮ್ಯಾಲೆ ನಂಬಿಕಿ ಉಳಿಲಿಲ್ಲ" ಎಂದು ಮಲ್ಲುವೂ ಯೋಗಕ್ಕೆ ಹೋದ.

ಪ್ರಿನ್ಸಿಪಾಲರು ಕರುಣಾಳು. ಯೋಗದ ತರಗತಿ ತುಂಬಿ ತುಳುಕುತ್ತಿದ್ದರಿಂದ ನನ್ನನ್ನು ಅಲ್ಲಿಗೆ ಸಹಾಯಕನಾಗಿ ಹಾಕಿ, ವರ್ಗಾವಣೆ ತಪ್ಪಿಸಿದರು.

ಮೊದಲ ದಿನ ಹುಡುಗರಿಗೆ ಮಾದರಿಯಾಗಲೆಂದು ಗಂಭೀರವಾಗಿ ಮುಂದೆ ನಿಂತು, ಕಾಲಿನ ಬೆರಳು ಮುಟ್ಟಲು ಬಗ್ಗಿದೆ. ಬೆರಳು ಸಿಗಲಿಲ್ಲ. ಮತ್ತೆ ನೆಟ್ಟಗಾಗಲು ಮಲ್ಲು ಒಂದು ಕಡೆ, ಇಮ್ತಿಯಾಜ ಒಂದು ಕಡೆ ಹಿಡಿದು ಎತ್ತಬೇಕಾಯಿತು!