ಕೆನೆ ಬಣ್ಣದ ಸೀಟು, ಕೆಂಪು ಖಣ

ಬೀದರಿನ ಕೆಂಪು ಮಣ್ಣು, ಔರಾದಿನ ಕರಿ ಮಣ್ಣು ಎರಡನ್ನೂ ತುಳಿಯುವ ಮನುಷ್ಯ ಕೆನೆ ಬಣ್ಣದ ಚರ್ಮದ ಸೀಟಿರುವ ಕಾರು ಕೊಳ್ಳಬಾರದು. ಇದನ್ನು ನನಗೆ ಎಲ್ಲರೂ ಹೇಳಿದ್ದರು. ನಾನು ಕೊಂಡೆ! ಶಿಸ್ತಿದ್ದರೆ ಸೀಟು ಹೊಲಸಾಗುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಕಾರಿನಲ್ಲಿ ತಿನ್ನುವಂತಿಲ್ಲ, ಎಣ್ಣೆ ತಲೆ ಆನಿಸುವಂತಿಲ್ಲ. ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಿಂದ ಒರೆಸಿ ಕ್ರೀಮು ಹಚ್ಚುತ್ತಿದ್ದೆ.

“ನನ್ನ ಮಾರಿಗಿ ಒಂದಿನಾರ ಹಿಂಗ ಕ್ರೀಮ್ ತಂದು ಕೊಟ್ಟೀರೇನ್ರಿ?” ಎಂದು ಹೆಂಡತಿ ಸುನಂದಾ ಕೇಳಿದಳು.

ನಾನು ಬಟ್ಟೆ ಆಡಿಸುತ್ತಲೇ ಇದ್ದೆ. ಕ್ರೀಮು ಒಣಗುತ್ತಿತ್ತು.

ಅವಳ ತಂಗಿಗೆ ಭಾಲ್ಕಿಯಲ್ಲೊಂದು ಸಂಬಂಧ ಕೂಡಿ ಬಂದಿತ್ತು. ಮಾತು ಪಕ್ಕಾ ಮಾಡಲು ಮಾವನವರು ಔರಾದಿನಿಂದ ಬಸ್ಸಿಗೆ ಬಂದು ಬೀದರಿನ ನಮ್ಮ ಮನೆ ಮುಟ್ಟುವಷ್ಟರಲ್ಲಿ ಮಳೆಗೆ ತೊಯ್ದಿದ್ದರು. ಬಿಳಿ ಧೋತರದ ಅಂಚಿಗೆಲ್ಲ ಕೆಸರು. ಮತ್ತೊಂದು ತಂದಿರಲಿಲ್ಲ.

“ಹಾದ್ಯಾಗ ಒಣಗ್ತದ, ನಡೀರಿ,” ಎಂದರು.

ನಾನು ಕಪಾಟು ತೆರೆದೆ. ಮದುವೆ, ಸೀಮಂತಗಳಲ್ಲಿ ಸುನಂದಾಳ ಉಡಿಗೆ ಬಿದ್ದ ಕುಪ್ಪಸದ ಖಣಗಳ ಗಂಟೇ ಅಲ್ಲಿತ್ತು. ಈ ಖಣಗಳನ್ನು ಯಾರೂ ಹೊಲಿಸುವುದಿಲ್ಲ, ಮತ್ತೊಬ್ಬರ ಉಡಿಗೆ ಹಾಕುತ್ತಾರೆ. ಆದ್ದರಿಂದ ಅವು ನೀರು ಕಂಡಿರುವುದಿಲ್ಲ. ಈ ಕೊನೆಯ ಅಂಶ ನನಗೆ ಹೊಳೆಯಲಿಲ್ಲ. ಕಡುಗೆಂಪು ಖಣವೊಂದನ್ನು ಹಿಂದಿನ ಸೀಟಿಗೆ ಹಾಸಿದೆ.

“ನನಗ್ಯಾಕ ಉಡಿ ತುಂಬ್ತೀರಿ, ಅಳಿಯಂದ್ರೆ?” ಎಂದು ಮಾವ ನಕ್ಕು ಕುಳಿತರು.

ಭಾಲ್ಕಿ ಬಂತು. ಮಾವ, ಸುನಂದಾ ಹುಡುಗನ ಮನೆಯೊಳಗೆ ಹೋದರು. ನಾನು ಖಣ ಎತ್ತಿದೆ. ಸೀಟು ಕೆಂಪು! ನೀರು ಹಾಕಿ ತಿಕ್ಕಿದೆ. ಕಲೆ ಗುಲಾಬಿಯಾಗಿ ಮೊದಲಿನ ಎರಡರಷ್ಟಾಯಿತು. ಸೀಟಿನ ದುಃಖದಲ್ಲಿ ಮಾವನವರ ಧೋತರದ ನೆನಪೇ ಬರಲಿಲ್ಲ.

ಒಳಗೆ ಹೋದರೆ ಎಲ್ಲರೂ ನೆಲ ನೋಡುತ್ತಿದ್ದರು. ಹುಡುಗನ ತಂದೆ ನನ್ನನ್ನು ಮೂಲೆಗೆ ಕರೆದು ಮೆಲ್ಲಗೆ ಕೇಳಿದರು:

“ಬೀಗರಿಗಿ ಮೂಲವ್ಯಾಧಿ ಭಾಳ ದಿನದಿಂದ ಅದ ಏನ್ರಿ? ನಾಚಬ್ಯಾಡ್ರಿ. ಇಲ್ಲೇ ಒಬ್ರು ಡಾಕ್ಟರ್ ಅದಾರ.”

ಮಾವ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಕೂಡಿರೆಂದರೂ ಕೂಡಲೊಲ್ಲರು. ಮಗಳ ಮದುವೆ ಮಾತಿಗೆ ಬಂದ ಹಿರಿಯರನ್ನು ಆ ಸ್ಥಿತಿಯಲ್ಲಿ ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು.

“ಮೂಲವ್ಯಾಧಿ ಅಲ್ರಿ! ಖಣದ ಬಣ್ಣ!” ಎಂದೆ. ತುಸು ಜೋರಾಗಿಯೇ ಎಂದೆ.

“ಖಣದ ಮ್ಯಾಲ ಯಾಕ ಕುಂತ್ರು?”

“ಸೀಟು ಹೊಲಸಾಗಬಾರದಂತ ನಾನೇ ಹಾಸಿದ್ದೆರಿ.”

ಹುಡುಗನ ತಾಯಿ ಸೆರಗು ಬಾಯಿಗೆ ಹಿಡಿದರು. ಆದರೂ ನಗು ತಡೆಯಲಾಗಲಿಲ್ಲ. ಮನೆಯೆಲ್ಲ ನಕ್ಕಿತು. ಕೊನೆಗೆ ಮಾವನೂ ನಕ್ಕರು. ಹುಡುಗನ ತಂದೆ ತಮ್ಮದೇ ಒಗೆದ ಧೋತರ ತಂದು ಕೊಟ್ಟರು. ಚಹಾ ಬಂತು.

“ಹುಡುಗಿ ನಮಗ ಪಸಂದ ಅದಾಳ್ರಿ,” ಎಂದರು ಹುಡುಗನ ತಂದೆ. “ಆದ್ರ ನಮ್ಮದೊಂದು ಶರತ್ತು ಅದ.”

ಮಾವ ಕೈಮುಗಿದು, “ಹೇಳ್ರಿ,” ಎಂದರು.

“ಮದುಮಗಳಿಗಿ ನಿಮ್ಮ ದೊಡ್ಡ ಅಳಿಯಾರ ಗಾಡ್ಯಾಗ ಕಳಿಸಬ್ಯಾಡ್ರಿ.”

ವರನ ಕಡೆಯವರ ಶರತ್ತನ್ನು ಹೆಣ್ಣಿನ ಕಡೆಯವರು ಇಷ್ಟು ಸಂತೋಷದಿಂದ ಒಪ್ಪಿದ್ದನ್ನು ನಾನು ಎಲ್ಲೂ ಕಂಡಿಲ್ಲ. ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ನನ್ನ ಹೆಂಡತಿ!