ಸಕ್ಕರೆ ಡಬ್ಬದ ಸಾಕ್ಷಿ

ಬೇರೆಯವರ ಬರಹವನ್ನು ತಿದ್ದಲು ಏನು ಅರ್ಹತೆ ಬೇಕು ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೇ ಎದ್ದು ಬರುತ್ತಿದ್ದೆ. ಗುಂಡ್ಲುಪೇಟೆಯ ಹಾಸ್ಟೆಲಿನಲ್ಲಿದ್ದು ಹತ್ತನೆಯ ತರಗತಿ ಮುಗಿಸಿದವನು ನಾನು. ಆಮೇಲೆ ಶ್ರದ್ಧೆಯಿಂದ ಓದಿದ್ದು ಗೊಬ್ಬರದ ಚೀಲದ ಮೇಲಿನ ಅಕ್ಷರಗಳನ್ನು ಮಾತ್ರ. ಊಟಿಯ ಕೆಳಗಿನ ಒಂದು ಹಟ್ಟಿಯಲ್ಲಿ ನನಗೆ ಒಂದೂವರೆ ಎಕರೆ ಟೀ ಇದೆ. ಬೆಳಿಗ್ಗೆ ಎಲೆ ಕೀಳುವುದು, ಮಧ್ಯಾಹ್ನ ಎಲೆ ಶೆಡ್ಡಿಗೆ ಹೊರುವುದು, ಸಂಜೆ ಸಂಪಾದಕನಾಗುವುದು. ಮೂರರಲ್ಲಿ ಮೂರನೆಯದಕ್ಕೆ ಮಾತ್ರ ಬೆನ್ನು ನೋಯುವುದಿಲ್ಲ, ಆದ್ದರಿಂದಲೇ ಅದನ್ನು ಎಲ್ಲಕ್ಕಿಂತ ದೊಡ್ಡ ಕೆಲಸವೆಂದು ತಿಳಿದಿದ್ದೆ.

ನಮ್ಮ ಬೆಟ್ಟದಲ್ಲಿ ಕನ್ನಡ ಓದಬಲ್ಲ ನಾಲ್ಕು ಜನ ತಮ್ಮ ಅಭಿಪ್ರಾಯ ಹೇಳಿಕೊಳ್ಳಲಿ ಎಂದು ಗೂಡಲೂರಿನ ಶೈಲಜಾ ಟೀಚರ್ ಒಂದು ವೆಬ್‌ಸೈಟ್ ತೆರೆದರು. ಅವರು, ನಾನು, ನನ್ನ ಹೆಂಡತಿಯ ಅಣ್ಣ ಬೋಜಣ್ಣ, ಈ ಮೂವರು ಸಂಬಳವಿಲ್ಲದ ಸಂಪಾದಕರು. ಟೀಚರ್ ಎಲ್ಲಿಂದಲೋ ಒಂದು ಒಳ್ಳೆಯ ನಿಯಮ ತಂದಿದ್ದರು: ಬರೆದವರು ನೆಂಟರಾಗಿದ್ದರೆ ಸಂಪಾದಕರು ಆ ಲೇಖನವನ್ನು ಮುಟ್ಟಬಾರದು. ಪೇಟೆಯಲ್ಲಿ ಇದು ನಡೆಯಬಹುದು. ನಮ್ಮಲ್ಲಿ ಸ್ವಂತ ಹಟ್ಟಿಯವರೆಲ್ಲ ಅಣ್ಣತಮ್ಮಂದಿರು, ಪಕ್ಕದ ಹಟ್ಟಿಯವರು ಹೆಣ್ಣು ಕೊಟ್ಟವರು, ಅದರಾಚೆಯವರು ಇನ್ನು ಕೊಡಬೇಕೆಂದಿರುವವರು. ಮೊದಲ ತಿಂಗಳು ಬಂದ ಲೇಖನಗಳನ್ನೆಲ್ಲ ನಾನೂ ಬೋಜಣ್ಣನೂ ಕೈಮುಗಿದು ಟೀಚರ್ ಕಡೆಗೆ ತಳ್ಳಿದೆವು. ಅವರು ಫೋನು ಮಾಡಿದರು. ಸಿಟ್ಟು ಬಂದರೆ ಅವರ ಕನ್ನಡದೊಳಗೆ ಮನೆಮಾತು ಮಲಯಾಳ ನುಗ್ಗುತ್ತದೆ, ನಾನು 'ಚೇಟ್ಟ', ಅಂದರೆ ಅಣ್ಣ, ಆಗುತ್ತೇನೆ.

"ಇದೆಂದಾ ಚೇಟ್ಟಾ? ಬರೆದವರೆಲ್ಲ ನಿಮಗೆ ಮಾಮ, ಬಾವ. ಈ ಬೆಟ್ಟದಲ್ಲಿ ನೆಂಟರಿಲ್ಲದ ಅನಾಥೆ ನಾನೊಬ್ಬಳೇನಾ?"

ಬೋಜಣ್ಣ ಪಕ್ಕದಲ್ಲೇ ಇದ್ದ. "ಏನ ಗೆಯ್ವದು ಟೀಚರ್, ನಿಮಗೂ ಒಂದು ಸಂಬಂಧ ನೋಡಲೇ?" ಎಂದ. ಟೀಚರಿಗೆ ಮೊಮ್ಮಕ್ಕಳಿದ್ದಾರೆ.

ಅಂದಿನಿಂದ ಟೀಚರ್ ಹೆಸರು, ಊರು ಅಳಿಸಿ ಲೇಖನ ಕಳಿಸತೊಡಗಿದರು. ಹೆಸರಿಲ್ಲದ ಮೇಲೆ ನೆಂಟನೂ ಇಲ್ಲ. ಬರೆದವರಿಂದ ಬರುವ ಉತ್ತರಗಳ ಇಮೇಲ್ ಪೆಟ್ಟಿಗೆ ಮಾತ್ರ ನನ್ನ ಪಾಲಿಗೆ ಬಂತು. ಹಿಂದಕ್ಕೆ ಕಳಿಸಿದ ಲೇಖನಕ್ಕೆ ಬರುವ ಉತ್ತರದಲ್ಲಿ ಬೈಗುಳವಲ್ಲದೆ ಇನ್ನೇನಿರುತ್ತದೆ? ನಾನು ಅದನ್ನು ತೆರೆಯುತ್ತಿರಲಿಲ್ಲ.

ಲೇಖನ ನೋಡುವುದನ್ನು ನಾನು ಕಲಿತದ್ದು ಎಲೆ ಶೆಡ್ಡಿನಲ್ಲಿ. ಅಲ್ಲಿ ಫ್ಯಾಕ್ಟರಿಯ ಏಜೆಂಟ್ ಚೀಲದೊಳಗೆ ಮೊಣಕೈವರೆಗೆ ಕೈಹಾಕಿ ಒಂದು ಹಿಡಿ ಎಲೆ ತೆಗೆಯುತ್ತಾನೆ. ಎರಡೆಲೆ ಒಂದು ಮೊಗ್ಗು ಇದ್ದರೆ ಸರಿ. ಬಲಿತ ಎಲೆ ಕಂಡರೆ ಇಡೀ ಚೀಲಕ್ಕೆ ತೂಕ ಕಡಿತ. ಮೂವತ್ತು ವರ್ಷ ಅವನ ಮುಂದೆ ತಲೆ ತಗ್ಗಿಸಿ ನಿಂತವನು ನಾನು. ಕೊನೆಗೂ ನನಗೊಂದು ಚೀಲ ಸಿಕ್ಕಿತ್ತು. ಯಾವ ಲೇಖನವಾದರೂ ಸರಿ, ನಡುವಿನಿಂದ ಒಂದು ಪ್ಯಾರಾ ಓದಿ, "ಬಲಿತ ಎಲೆ. ಹಿಂದಕ್ಕೆ" ಎಂದು ಬರೆದುಬಿಡುತ್ತಿದ್ದೆ.

ಹೀಗೆ ಒಂದು ಸಂಜೆ ಬಂದ ಲೇಖನದಲ್ಲಿ ಒಬ್ಬ ಹೆಂಗಸು ತನ್ನ ಗಂಡನ ವಿಷಯ ಬರೆದಿದ್ದಳು. ಆತ ಟೀ ಬೆಳೆಯುತ್ತಾನೆ, ಟೀ ಬೆಲೆಯ ಬಗ್ಗೆ ಸಭೆಯಲ್ಲಿ ಮಾತಾಡುತ್ತಾನೆ, ಆದರೆ ಇಷ್ಟು ವರ್ಷಗಳಲ್ಲಿ ಒಂದು ಲೋಟ ಟೀ ಕಾಯಿಸಿದವನಲ್ಲ. ಬೆಳೆಯುವವರ ಸಂಘಕ್ಕೆ ಸದಸ್ಯರನ್ನು ಸೇರಿಸಿಕೊಳ್ಳುವ ಮುಂಚೆ ಒಲೆಯ ಮುಂದೆ ಪರೀಕ್ಷೆ ಮಾಡಬೇಕು ಎನ್ನುವುದು ಅವಳ ವಾದ. ನಗು ಬಂತು. ನಾನು ಬರೆದೆ: "ಬಲಿತ ಎಲೆ. ಅತಿಶಯೋಕ್ತಿ. ಇಂಥ ಗಂಡಸು ಇರಲಾರ. ಸಾಕ್ಷಿ ಕೊಡಿ." ಬರೆದು ಮುಗಿಸುವ ಹೊತ್ತಿಗೆ ನನ್ನ ಹೆಂಡತಿ ಕಮಲ ಟೀ ತಂದಿಟ್ಟಳು. ಕುಡಿದೆ.

ಅದಾದ ಒಂದು ವಾರಕ್ಕೆ ಅವಳು ಕೇಳಿದಳು: "ನಿಮ್ಮ ಪೆಟ್ಟಿಗೆಗೆ ಏನೂ ಬರಲೆಯಾ?"

"ಬರುತ್ತೆ. ಬೈದು ಬರೆದಿರ್ತಾರೆ. ನಾ ಓದೋದಿಲ್ಲ."

"ಓದೋದೇ ಇಲ್ಲ, ಏಜೆಂಟ್ ದೊರೆ!" ಎಂದು ನಕ್ಕು ಒಳಗೆ ಹೋದಳು. ಆಮೇಲೆಯೂ ಎರಡು ಮೂರು ಸಲ ಕೇಳಿದಳು. ಹಿಮ ಬೀಳುವ ತಿಂಗಳಲ್ಲಿ ಅವಳಿಗೆ ಜ್ವರ ಬಂತು, ಎದೆಗೆ ಇಳಿಯಿತು, ಕೊಯಮತ್ತೂರಿನ ಆಸ್ಪತ್ರೆಯಿಂದ ಅವಳು ತಿರುಗಿ ಬರಲಿಲ್ಲ. ಈ ಸಂಗತಿಯನ್ನು ಇದಕ್ಕಿಂತ ಉದ್ದವಾಗಿ ಬರೆಯಲು ನನಗೆ ಬರುವುದಿಲ್ಲ.

ನೆಂಟರೆಲ್ಲ ಹೋದ ಮರುದಿನ ಒಲೆಯ ಮುಂದೆ ನಿಂತೆ. ಟೀ ಪುಡಿ ಸಿಕ್ಕಿತು. ಸಕ್ಕರೆ ಸಿಗಲಿಲ್ಲ. ಹದಿನಾರು ದಿನ ಸಪ್ಪೆ ಟೀ ಕುಡಿದೆ. ಬೋಜಣ್ಣ ಬಂದಾಗ ಅವನಿಗೂ ಅದನ್ನೇ ಕೊಟ್ಟೆ, ಡಾಕ್ಟರ್ ಸಕ್ಕರೆ ಬೇಡವೆಂದಿದ್ದಾರೆ ಎಂದೆ. "ನಂಗೂ ಹೇಳಿದರಾ ಬಾವ?" ಎಂದು ಕೇಳಿದ, ಆದರೂ ಕುಡಿದ. ಕೊನೆಗೆ ಡಬ್ಬ ರಾಗಿ ಡಬ್ಬದ ಹಿಂದೆ ಸಿಕ್ಕಿತು. ಮೇಲೆ ಬಿಸ್ಕತ್ತಿನ ಚಿತ್ರವಿದ್ದ ಡಬ್ಬದಲ್ಲಿ ಸಕ್ಕರೆ ಇರುತ್ತದೆಂದು ಯಾವ ಗಂಡಸಿಗೆ ಹೊಳೆಯಬೇಕು?

ಅವಳು ಹೋಗಿ ನಾಲ್ಕು ತಿಂಗಳಾದ ಮೇಲೆ, ಮಾಡಲು ಬೇರೆ ಕೆಲಸವಿಲ್ಲದೆ ಆ ಪೆಟ್ಟಿಗೆ ತೆರೆದೆ. ಬೈಗುಳ ಕಡಿಮೆ ಇತ್ತು. ಹೆಚ್ಚಿನವರು ತಮ್ಮ ತಪ್ಪೇನೆಂದು ವಿನಯದಿಂದ ಕೇಳಿದ್ದರು, ಕಾದಿದ್ದರು. ನಡುವೆ ಒಂದು ಉತ್ತರ, ಕೆಳಗೆ ಕಮಲಳ ಹೆಸರು, ಅವಳ ತವರು ಹಟ್ಟಿಯ ಹೆಸರು.

"ಸಂಪಾದಕರೇ, 'ಬಲಿತ ಎಲೆ' ಎಂದು ಬರೆಯುವವರು ಈ ಬೆಟ್ಟದಲ್ಲಿ ಒಬ್ಬರೇ ಇದ್ದಾರೆ. ಸಾಕ್ಷಿಗೆ ನೀವು ದೂರ ಹೋಗಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಸಕ್ಕರೆ ಡಬ್ಬ ಎಲ್ಲಿದೆ ಎಂದು ನನ್ನನ್ನು ಕೇಳದೆ ಹೇಳಿ. ಹೇಳಿದರೆ ಲೇಖನ ಹಿಂದಕ್ಕೆ ಪಡೆಯುತ್ತೇನೆ. ಇಲ್ಲವಾದರೆ ಒಂದು ಅಕ್ಷರ ಕತ್ತರಿಸದೆ ಹಾಕಬೇಕು."

ಎರಡು ತಿಂಗಳು ಅವಳು ದಿನಕ್ಕೆ ಮೂರು ಸಲ ಟೀ ಕೊಡುತ್ತ ನನ್ನ ಉತ್ತರಕ್ಕಾಗಿ ಕಾದಿದ್ದಳು.

ಲೇಖನ ಹೊರಗೆ ಬರಲೇಬೇಕಿತ್ತು. ಆದರೆ ನಾನು ಗಂಡ, ಬೋಜಣ್ಣ ಅಣ್ಣ. ಟೀಚರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಒಂದು ತೊಡಕಿದೆ ಎಂದೂ ಹೇಳಿದೆ: ಡಬ್ಬ ಎಲ್ಲಿದೆಯೆಂದು ನನಗೆ ಈಗ ಗೊತ್ತು. ಅವಳ ಮಾತಿನ ಪ್ರಕಾರ ಲೇಖನ ಹಿಂದಕ್ಕೆ ಹೋಗಬೇಕಲ್ಲ?

ಟೀಚರ್, "ಅವರು ಕೇಳಿದ ದಿವಸ ಗೊತ್ತಿತ್ತಾ ಚೇಟ್ಟಾ?" ಎಂದರು.

"ಇಲ್ಲ."

"ಹಾಗಾದರೆ ನೀವು ಸೋತಿರಿ, ಕೇಟ್ಟೋ. ನಾನು ಹಾಕ್ತೇನೆ."

ಒಂದು ಅಕ್ಷರವೂ ಕತ್ತರಿಸದೆ ಹಾಕಿದರು. ಸ್ವಯಂಸೇವೆಗೆ ಬರುವ ಹೊಸ ಸಂಪಾದಕರಿಗೆ ನಾನು ಎರಡು ಮಾತು ಬರೆದುಕೊಡಬೇಕೆಂದೂ ಹೇಳಿದರು. ನಾನು ಬರೆದುಕೊಟ್ಟದ್ದು ಇಷ್ಟೇ: ಚೀಲದಲ್ಲಿ ಒಂದು ಹಿಡಿ ತೆಗೆದು ನೋಡಬೇಡಿ, ಪೂರ್ತಿ ಸುರಿದು ನೋಡಿ. ಹಿಂದಕ್ಕೆ ಕಳಿಸುವುದಾದರೆ ಯಾಕೆಂದು ಹೇಳಿ. ಉತ್ತರ ಬಂದರೆ ಅಂದೇ ಓದಿ. ಬರೆದವರು ಪಕ್ಕದ ಕೋಣೆಯಲ್ಲಿ ಕಾಯುತ್ತಿರಬಹುದು.

ಲೇಖನ ಬಂದ ಮೂರನೆಯ ದಿನ ಮಸಿನಗುಡಿಯ ಓದುಗರೊಬ್ಬರು ಅದರ ಕೆಳಗೆ ಬರೆದರು: "ತಮಾಷೆಗೂ ಮಿತಿ ಇರಬೇಕು. ಇಂಥ ಗಂಡಸು ಇರಲಾರ. ಸಾಕ್ಷಿ ಇದೆಯೇ?" ಆ ಮಾತು ನನಗೆ ಹೊಸದಲ್ಲ. ಆರೋಪಕ್ಕೆ ಒಳಗಾದವರು ಉತ್ತರ ಕೊಡಬಹುದು ಎಂದು ನಮ್ಮ ನಿಯಮದಲ್ಲಿದೆ. ಹೆಸರು ಹಾಕಿ, ಹಟ್ಟಿಗೆ ಬರುವ ದಾರಿ ಹೇಳಿ ಬರೆದೆ: "ಸ್ವಾಮಿ, ಒಮ್ಮೆ ಮನೆಗೆ ಬನ್ನಿ. ಟೀ ನಾನೇ ಕಾಯಿಸಿ ಕೊಡುತ್ತೇನೆ. ಒಂದು ಗುಟುಕು ಕುಡಿದರೆ ನಂಬುತ್ತೀರಿ."